ಚೆರ್ರಿ ಶ್ರಿಂಪ್ ತರಿಸಬೇಕು: ಚೆನ್ನೈಯಿಂದಲೋ, ಬೆಂಗಳೂರಿಂದಲೋ?

ಬೆಣ್ಣೆನಗರಿ ಗಪ್ಪಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಅಡಿ ಟ್ಯಾಂಕ್ ಇದೆ, ಸುಮಾರು 50 ಲೀಟರ್. ಸ್ಪಾಂಜ್ ಫಿಲ್ಟರ್, ಒಂದಿಷ್ಟು ಜಾವಾ ಮಾಸ್ (ನೀರಿನ ಪಾಚಿಗಿಡ), ಕಟ್ಟಿಗೆಗೆ ಕಟ್ಟಿದ ಅನೂಬಿಯಾಸ್ ಗಿಡ. ಹೋದ ದೀಪಾವಳಿಯಿಂದ ಗಪ್ಪಿ ಮೀನು ಸಾಕುತ್ತಿದ್ದೆ. ಈಗ ಅವನ್ನೆಲ್ಲ ಅಣ್ಣನ ಮನೆಗೆ ಕೊಟ್ಟಾಯಿತು. ಒಂದಷ್ಟು ಬಸವನಹುಳು ಬಿಟ್ಟರೆ ಟ್ಯಾಂಕ್ ಖಾಲಿ. ಇನ್ನು ಬರೀ ಶ್ರಿಂಪ್ (ಟ್ಯಾಂಕಿನಲ್ಲಿ ಸಾಕುವ ಪುಟ್ಟ ಸಿಗಡಿ) ಇಡೋಣ ಅಂತ.

ಇಲ್ಲಿನ ಅಂಗಡಿಯಲ್ಲಿ ಗಾಜಿನ ಥರ ಬಣ್ಣವೇ ಇಲ್ಲದ ಶ್ರಿಂಪ್ ತೋರಿಸಿದರು. ಮುಂದೆ ಉದ್ದುದ್ದ ಕೈ. ಒಂದಕ್ಕೆ 15 ರೂಪಾಯಿ. ಯಾಕೋ ಮನಸ್ಸು ಬರಲಿಲ್ಲ, ಬಿಟ್ಟು ಬಂದೆ.

ಆಮೇಲೆ ಫೋನಿನಲ್ಲಿ ಎರಡು ಕಡೆ ವಿಚಾರಿಸಿದೆ. ಚೆನ್ನೈ ಕೊಳತ್ತೂರಿನ ಒಬ್ಬರು ರೆಡ್ ಚೆರ್ರಿ 25, ಬಣ್ಣಬಣ್ಣದ ಮಿಕ್ಸ್ 18, ಕ್ರಿಸ್ಟಲ್ ರೆಡ್ 120 ಅಂದರು. ಕೊರಿಯರ್ ಖರ್ಚು ಬೇರೆ. ಬೆಂಗಳೂರಿನಲ್ಲಿ ಮನೆಯಲ್ಲೇ ಸಾಕುವ ಒಬ್ಬರು ಚೆರ್ರಿ 40 ಅಂತಾರೆ. ಅವರು ಕಳಿಸುವುದಿಲ್ಲ, ಯಾರಾದರೂ ಹೋಗಿ ತರಬೇಕು. ನಿಜ ಹೇಳಬೇಕಂದ್ರೆ ಕ್ರಿಸ್ಟಲ್ ರೆಡ್ ಫೋಟೋ ನೋಡಿದ ಮೇಲೆ ಬೇರೆ ಯಾವುದೂ ಹಿಡಿಸುತ್ತಿಲ್ಲ.

ನೀರು: ಕಾರ್ಪೊರೇಷನ್ ನಲ್ಲಿ ನೀರಿನ ಟಿಡಿಎಸ್ (ಕರಗಿರುವ ಒಟ್ಟು ಲವಣ) 180. ಬೋರ್ ನೀರು 780. ಟ್ಯಾಂಕಿಗೆ ಇದುವರೆಗೆ ಬೋರ್ ನೀರೇ ಹಾಕಿದ್ದು. ಈಗ ಏಪ್ರಿಲ್ ಕೊನೆ, ಮಧ್ಯಾಹ್ನ ಟ್ಯಾಂಕಿನ ನೀರು 31 ಡಿಗ್ರಿ ತೋರಿಸುತ್ತಿದೆ. ಯಾರ ಹತ್ತಿರ ತಗೊಳ್ಳಲಿ? ಈಗಲೇ ತರಿಸಬಹುದಾ?

ಕರಾವಳಿ ಟ್ಯಾಂಕ್ (ಮಂಗಳೂರು)

ಚೆನ್ನೈಯಿಂದ ಧೈರ್ಯವಾಗಿ ತರಿಸಿ ಮಾರಾಯ್ರೆ. ನನಗೆ ಕೊರಿಯರ್‌ನಲ್ಲಿ ಚೆನ್ನಾಗಿಯೇ ಬಂದಿದೆ. ಕ್ರಿಸ್ಟಲ್ ಮೇಲೆ ಆಸೆ ಇದ್ದರೆ ಅದನ್ನೇ ತಗೊಳ್ಳಿ. ನಾನು ಸಾದಾ ಬಾವಿ ನೀರಲ್ಲಿ ಸಾಕುತ್ತಿದ್ದೇನೆ. ಏನೂ ತೊಂದರೆ ಇಲ್ಲ. ಟ್ಯಾಂಕ್ ಮಾತ್ರ ಎಸಿ ರೂಮಿನಲ್ಲಿ ಇಟ್ಟಿದ್ದೇನೆ.

ಮಾಸ್ ಮನೆ (ಮೈಸೂರು)

ಕರಾವಳಿಯವರೇ, ನಿಮ್ಮದು ಮುರಕಲ್ಲಿನ ಊರಿನ ಬಾವಿ. ನೀರು ಮೃದು, ಸ್ವಲ್ಪ ಆಮ್ಲೀಯ. ಮೇಲೆ ಎಸಿ ಬೇರೆ. ಕ್ರಿಸ್ಟಲ್‌ಗೆ ಬೇಕಾಗಿರುವುದೇ ಅದು. ಅದನ್ನು ದಾವಣಗೆರೆಯ ಬೋರ್ ನೀರಿನವರಿಗೆ ಹೇಳಿದರೆ ಹೇಗೆ?

ಗಪ್ಪಿಯವರೇ, ಆ ಉದ್ದ ಕೈಯವನ್ನು ಬಿಟ್ಟು ಬಂದದ್ದು ಒಳ್ಳೆಯದಾಯಿತು. ಅವು ಹೆಚ್ಚಾಗಿ ಮ್ಯಾಕ್ರೋಬ್ರಾಕಿಯಂ ಜಾತಿಯ ಮರಿಗಳು, ಹೊಳೆ ಕೆರೆಯಲ್ಲಿ ಹಿಡಿದವು. ದೊಡ್ಡದಾದ ಮೇಲೆ ಚೆರ್ರಿಯನ್ನೇ ಹಿಡಿದು ತಿನ್ನುತ್ತವೆ.

ಕ್ರಿಸ್ಟಲ್ ಆಸೆ ಸದ್ಯಕ್ಕೆ ಪಕ್ಕಕ್ಕಿಡಿ. ಅದು ಕ್ಯಾರಿಡಿನಾ ಕುಲದ್ದು. ದಕ್ಷಿಣ ಚೀನಾದ ತಣ್ಣನೆ ತೊರೆಗಳ ಬೀ ಶ್ರಿಂಪ್‌ನಿಂದ ಬಂದದ್ದು. ಕಪ್ಪು ಪಟ್ಟೆಯವುಗಳ ನಡುವೆ ಹುಟ್ಟಿದ ಕೆಂಪನ್ನು 1990ರ ದಶಕದಲ್ಲಿ ಜಪಾನಿನ ಹಿಸಾಯಾಸು ಸುಝುಕಿ ಆರಿಸಿ ಆರಿಸಿ ತಳಿ ಮಾಡಿದರು. ಹಾಗೆ ಒಂದೇ ಮನೆತನದೊಳಗೇ ಕೂಡಿಸುತ್ತಾ ಬಂದದ್ದರಿಂದ ಸ್ವಲ್ಪ ನಾಜೂಕು. ಪಿಎಚ್ 6ರ ಆಸುಪಾಸು, ಕೆಎಚ್ (ಕಾರ್ಬೊನೇಟ್ ಗಡಸುತನ) ಹೆಚ್ಚುಕಮ್ಮಿ ಸೊನ್ನೆ, ಟಿಡಿಎಸ್ 100ರಿಂದ 150, ನೀರು 24 ಡಿಗ್ರಿ ದಾಟಬಾರದು. ಇಷ್ಟು ಕೊಡಲು ಆರ್‌ಒ ನೀರು, ಆಕ್ಟಿವ್ ಸಾಯಿಲ್ (ಪಿಎಚ್ ಇಳಿಸುವ ಮಣ್ಣು), ಚಿಲ್ಲರ್ (ನೀರು ತಣಿಸುವ ಯಂತ್ರ) ಎಲ್ಲ ಬೇಕು. 120 ರೂಪಾಯಿಯ ಶ್ರಿಂಪ್‌ಗೆ ಸಾವಿರಾರು ರೂಪಾಯಿಯ ಸಂಸಾರ. ಚೆರ್ರಿ ನಿಯೋಕ್ಯಾರಿಡಿನಾ, ಬೇರೆ ಕುಲ. ಪಿಎಚ್ 6.5ರಿಂದ 8, ಟಿಡಿಎಸ್ 200ರಿಂದ 300 ಇದ್ದರೆ ಆರಾಮಾಗಿ ಇರುತ್ತದೆ, ಮರಿಯೂ ಹಾಕುತ್ತದೆ.

ಈಗ ಯಾರ ಹತ್ತಿರ ಅನ್ನುವ ಮಾತು. ನೀವು ಇಬ್ಬರ ಹತ್ತಿರವೂ ಬೆಲೆ ಕೇಳಿದ್ದೀರಿ. ಅವರ ನೀರು ಕೇಳಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದು. ನಿಮ್ಮ ಟಿಡಿಎಸ್ ಎಷ್ಟು, ಜಿಎಚ್ (ಒಟ್ಟು ಗಡಸುತನ) ಎಷ್ಟು, ಇವು ನಿಮ್ಮ ಟ್ಯಾಂಕಿನಲ್ಲೇ ಹುಟ್ಟಿದವಾ ಇಲ್ಲ ಈ ವಾರ ಬಂದ ಲೋಡಾ, ಅಂತ ಕೇಳಿ. ಫಾರ್ಮಿನಿಂದ ಅಂಗಡಿ, ಅಂಗಡಿಯಿಂದ ಕೊರಿಯರ್, ಕೊರಿಯರ್‌ನಿಂದ ನಿಮ್ಮ ಮನೆ. ಒಂದೇ ವಾರದಲ್ಲಿ ಮೂರು ನೀರು ಕಂಡ ಶ್ರಿಂಪ್ ಬಂದ ದಿನ ಚೆನ್ನಾಗಿಯೇ ಓಡಾಡುತ್ತದೆ. ಮುಂದಿನ ಸಲ ಚಿಪ್ಪು ಕಳಚುವಾಗ ಸಾಯುತ್ತದೆ. ಕುತ್ತಿಗೆಯ ಸುತ್ತ ಬಿಳಿ ಉಂಗುರ ಮೂಡಿ, ಚಿಪ್ಪು ಅರ್ಧಕ್ಕೇ ಸಿಕ್ಕಿಕೊಂಡು ಸತ್ತಿರುತ್ತದೆ. ಅಷ್ಟು ಹೊತ್ತಿಗೆ ಮಾರಿದವರು ಫೋನ್ ಎತ್ತುವುದಿಲ್ಲ. ನನ್ನ ಹತ್ತಿರ ಹೆಚ್ಚಾದದ್ದನ್ನು ನಾನೂ ಮಾರುತ್ತೇನೆ, ಹಾಗಾಗಿ ಹೇಳುತ್ತಿದ್ದೇನೆ: ನೀರಿನ ಬಗ್ಗೆ ಕೇಳಿದರೆ ಸಿಡುಕುವವರ ಹತ್ತಿರ ತಗೋಬೇಡಿ.

ಬೆಂಗಳೂರಿನವರು ಟಿಡಿಎಸ್ 250ರ ಸುತ್ತಮುತ್ತ ಅಂದರೆ 40 ಕೊಟ್ಟು ಅವರ ಹತ್ತಿರವೇ ತಗೊಳ್ಳಿ. ಅದಕ್ಕೆ ಸರಿಹೊಂದುವ ನೀರು ನಿಮ್ಮ ಮನೆಯಲ್ಲೇ ಇದೆ. ಐದು ಪಾಲು ನಲ್ಲಿ ನೀರಿಗೆ ಒಂದು ಪಾಲು ಬೋರ್ ನೀರು ಬೆರೆಸಿದರೆ ಟಿಡಿಎಸ್ 280 ಬರುತ್ತದೆ. ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಆ ಬೋರ್ ನೀರಿನಿಂದಲೇ ಸಿಗುತ್ತದೆ. ಟಿಡಿಎಸ್ ಮೀಟರ್ ಕರಗಿರುವುದು ಎಷ್ಟು ಅಂತ ಹೇಳುತ್ತದೆಯೇ ಹೊರತು ಏನು ಅಂತ ಹೇಳುವುದಿಲ್ಲ. ಒಂದು ಸಲ ಜಿಎಚ್ ಡ್ರಾಪ್ ಟೆಸ್ಟ್ ಮಾಡಿ. 6ರಿಂದ 10ರೊಳಗೆ ಇದ್ದರೆ ಸಾಕು. ನಲ್ಲಿ ನೀರನ್ನು ಆಂಟಿ ಕ್ಲೋರಿನ್ ಹಾಕದೆ ಬಳಸಬೇಡಿ. ಮಳೆಗಾಲದಲ್ಲಿ ಬ್ಲೀಚಿಂಗ್ ಜಾಸ್ತಿ ಹಾಕಿರುತ್ತಾರೆ, ಬಕೆಟ್ ಹತ್ತಿರ ಬಗ್ಗಿದರೇ ವಾಸನೆ ಗೊತ್ತಾಗುತ್ತದೆ.

ಈಗಿನ ಟ್ಯಾಂಕ್ ನೀರಿಗೆ ಮೀಟರ್ ಹಾಕಿ ನೋಡಿದ್ದೀರಾ? ಬೋರ್ ನೀರು ಆವಿಯಾದಾಗ ಮತ್ತೆ ಬೋರ್ ನೀರೇ ತುಂಬಿಸಿದ್ದರೆ 780 ದಾಟಿ ಎಲ್ಲೋ ಹೋಗಿರುತ್ತದೆ. ಖಾಲಿ ಇರುವಾಗಲೇ ಸ್ವಲ್ಪ ಸ್ವಲ್ಪ ಬದಲಾಯಿಸಿ ಇಳಿಸಿ. ಗಾಜಿನ ಮೇಲಿನ ಪಾಚಿ ತಿಕ್ಕಬೇಡಿ, ಸ್ಪಾಂಜ್ ತೊಳೆಯಬೇಡಿ. ಶ್ರಿಂಪ್ ದಿನವಿಡೀ ಕೆರೆದು ತಿನ್ನುವುದು ಆ ಲೋಳೆಯನ್ನೇ.

ಮಿಕ್ಸ್ ಬೇಡ. ಕೆಂಪು, ನೀಲಿ, ಹಳದಿ ಎಲ್ಲ ಒಂದೇ ಜಾತಿ. ಒಟ್ಟಿಗೆ ಬಿಟ್ಟರೆ ಕೆಲವು ತಲೆಮಾರಿನಲ್ಲಿ ಮರಿಗಳು ಮಣ್ಣಿನ ಬಣ್ಣಕ್ಕೆ ತಿರುಗುತ್ತವೆ.

ತಗೊಳ್ಳುವ ಮುಂಚೆ ವಿಡಿಯೊ ಕೇಳಿ. ಫೋಟೋ ಬೇಡ, ಎಲ್ಲರದ್ದೂ ಒಂದೇ ಫೋಟೋ. ವಿಡಿಯೊದಲ್ಲಿ ಕೈ ನೋಡಿ. ಚೆನ್ನಾಗಿರುವ ಶ್ರಿಂಪ್‌ನ ಮುಂದಿನ ಸಣ್ಣ ಕೈಗಳು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಒಂದು ಕೈ ಕೆರೆಯುವಾಗ ಇನ್ನೊಂದು ಬಾಯಿಗೆ ಹೋಗುತ್ತಿರುತ್ತದೆ. ಮೈಯೊಳಗೆ ಹಾಲಿನಂಥ ಬಿಳಿ ಕಂಡರೆ ಬೇಡ. ಹೊಟ್ಟೆಯ ಕೆಳಗೆ ಹಸಿರು ಕಂಡರೆ ಹತ್ತಿರದಿಂದ ತೋರಿಸಲು ಹೇಳಿ. ಗುಂಡಗೆ ಬಿಡಿಬಿಡಿಯಾಗಿದ್ದರೆ ಮೊಟ್ಟೆ. ಕಾಲುಗಳ ನಡುವೆ ಹತ್ತಿಯ ಎಳೆ ಥರ ಅಂಟಿಕೊಂಡಿದ್ದರೆ ಪರಾವಲಂಬಿ, ಅದು ಇಡೀ ಟ್ಯಾಂಕಿಗೆ ಹರಡುತ್ತದೆ. ದೊಡ್ಡ ದೊಡ್ಡ ಕೆಂಪು ಹೆಣ್ಣುಗಳನ್ನೇ ಆರಿಸಬೇಡಿ. ಅವುಗಳಿಗೆ ವಯಸ್ಸಾಗಿರುತ್ತದೆ, ಒಟ್ಟು ಆಯುಸ್ಸೇ ಒಂದೆರಡು ವರ್ಷ. ಒಂದು ಸೆಂಟಿಮೀಟರ್ ಆಸುಪಾಸಿನ ಮರಿಗಳು ಪ್ರಯಾಣವನ್ನೂ ತಡೆಯುತ್ತವೆ, ನಿಮ್ಮ ನೀರಿಗೂ ಹೊಂದಿಕೊಳ್ಳುತ್ತವೆ. ಬಣ್ಣ ಆಮೇಲೆ ಬರುತ್ತದೆ.

ಈಗ ತರಿಸಬೇಡಿ. 31 ಡಿಗ್ರಿಯ ನೀರಿನಲ್ಲಿ ಆಮ್ಲಜನಕವೂ ಕಮ್ಮಿ. ಮುಂಗಾರು ಹಿಡಿಯಲಿ. ಅಷ್ಟರಲ್ಲಿ ನೀರಿನ ಮೇಲೆ ಗಾಳಿ ಬೀಸುವಂತೆ ಒಂದು ಸಣ್ಣ ಫ್ಯಾನ್ ಇಟ್ಟು ನೋಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬಿಸಿ. ನಿಮ್ಮ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಸಿಗುತ್ತದಲ್ವಾ, ಅದು ಧಾರಾಳ ಸಾಕು.

ಕೊನೆಗೆ, ಅಂಗಡಿಯವರು ಯಾರೂ ಹೇಳದ ಮಾತು. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಮೆಷಿನ್ ಹಾಕುತ್ತೀರಾ? ಆ ದ್ರವದಲ್ಲಿರುವುದು ಪೈರೆಥ್ರಾಯ್ಡ್ ಅನ್ನುವ ಕೀಟನಾಶಕ. ಸೊಳ್ಳೆಯನ್ನು ಕೊಲ್ಲುವುದು ಶ್ರಿಂಪನ್ನೂ ಕೊಲ್ಲುತ್ತದೆ. ಏರ್ ಪಂಪ್ ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತಿರುತ್ತದೆ. ಮೀನಿಗೆ ಏನೂ ಆಗಿಲ್ಲ ಅಂತ ನಂಬಬೇಡಿ. ಜಿರಳೆ ಸ್ಪ್ರೇ, ಜಿರಳೆ ಚಾಕ್‌ಪೀಸ್ ಕೂಡ ಹಾಗೆಯೇ. ಡೆಂಗಿ ಕಾಲದಲ್ಲಿ ಫಾಗಿಂಗ್ ಗಾಡಿ ಬಂದರೆ ಕಿಟಕಿ ಹಾಕಿ, ಟ್ಯಾಂಕ್ ಮುಚ್ಚಿ, ಹೊಗೆ ಹೋಗುವವರೆಗೆ ಪಂಪ್ ಆರಿಸಿಡಿ.

ಕೊಳಾಯಿ ಕಾವೇರಿ (ಬೆಂಗಳೂರು)

ಮೈಸೂರು ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಂದ ದಿನ ಕವರನ್ನು ಬಿಚ್ಚದೆ ಟ್ಯಾಂಕಿನಲ್ಲಿ ತೇಲಿಬಿಡಿ. ಬಿಸಿ ತಣ್ಣಗೆ ಸರಿಹೋದ ಮೇಲೆ ಬಕೆಟ್‌ಗೆ ಸುರಿದು, ಏರ್ ಪೈಪಿಗೆ ಒಂದು ಗಂಟು ಹಾಕಿ, ಸೆಕೆಂಡಿಗೆ ಎರಡು ಹನಿಯಂತೆ ಟ್ಯಾಂಕ್ ನೀರು ಬಿಡಿ. ಎರಡು ಗಂಟೆ. ಆಮೇಲೆ ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಟ್ಯಾಂಕಿಗೆ ಬೇಡ.

ಮಾಸ್ ಮನೆ (ಮೈಸೂರು)

ಅದೇ ದಿನ ಕೈಯಲ್ಲಿ ತಂದದ್ದಕ್ಕೆ ಇದು ಸರಿ. ಎರಡು ಮೂರು ದಿನ ಕೊರಿಯರ್‌ನಲ್ಲಿ ಕೂತು ಬಂದದ್ದಕ್ಕೆ ನಾನು ಎರಡು ಗಂಟೆ ಕಾಯುವುದಿಲ್ಲ. ಮುಚ್ಚಿದ ಕವರಿನಲ್ಲಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಒಳಗಿನ ಅಮೋನಿಯಾ ಅಷ್ಟು ಕಾಟ ಕೊಡುವುದಿಲ್ಲ. ಕವರ್ ಬಿಚ್ಚಿದೊಡನೆ ಪಿಎಚ್ ಏರಲು ಶುರು, ಅಮೋನಿಯಾ ವಿಷವಾಗುತ್ತದೆ. ಅದರಲ್ಲೇ ಎರಡು ಗಂಟೆ ಕೂರಿಸಬಾರದು. ಹನಿಯ ವೇಗ ಹೆಚ್ಚಿಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ.

ಕೊಳಾಯಿ ಕಾವೇರಿ (ಬೆಂಗಳೂರು)

ಟಿಡಿಎಸ್ ವ್ಯತ್ಯಾಸ ಜಾಸ್ತಿ ಇದ್ದರೆ ಅರ್ಧ ಗಂಟೆಯಲ್ಲಿ ಹೇಗೆ? ನಾನಂತೂ ಎರಡು ಗಂಟೆಯವನೇ.

ಮಾಸ್ ಮನೆ (ಮೈಸೂರು)

ಅಷ್ಟು ವ್ಯತ್ಯಾಸ ಇರುವವರ ಹತ್ತಿರ ತಗೋಬೇಡಿ ಅಂತಲೇ ತಾನೇ ಅಷ್ಟುದ್ದ ಬರೆದದ್ದು!

ಬೆಣ್ಣೆನಗರಿ ಗಪ್ಪಿ (ದಾವಣಗೆರೆ)

ಅಕ್ಕಾ, ಕಾವೇರಿಯವರೇ, ತುಂಬಾ ಥ್ಯಾಂಕ್ಸ್. ಮಳೆ ಹಿಡಿಯುವವರೆಗೆ ಕಾದೆ. ಚೆನ್ನೈಯವರು ಟಿಡಿಎಸ್ ಕೇಳಿದ್ದಕ್ಕೆ "ಎಲ್ಲಾ ನೀರಿಗೂ ಆಗುತ್ತೆ ಸಾರ್" ಅಂದರು. ಬೆಂಗಳೂರಿನವರು ಮೀಟರನ್ನು ಟ್ಯಾಂಕಿಗಿಟ್ಟು ವಿಡಿಯೊವನ್ನೇ ಕಳಿಸಿದರು, 260. ತಂಗಿ ರೈಲಿನಲ್ಲಿ ಬರುವಾಗ ಥರ್ಮಾಕೋಲ್ ಡಬ್ಬಿಯಲ್ಲಿ ತಂದಳು. ಕವರಿನಲ್ಲಿ ಹಿಡಿದು ಕೂರಲು ಒಂದು ತುಂಡು ಮಾಸ್ ಕೂಡ ಹಾಕಿಕೊಟ್ಟಿದ್ದರು. ಕೈಯಲ್ಲಿ ಬಂದದ್ದು ಅಂತ ಎರಡು ಗಂಟೆ ಹನಿ ಬಿಟ್ಟೆ. ಎಲ್ಲ ಬದುಕಿವೆ ಅಂದುಕೊಂಡಿದ್ದೆ. ಆದರೆ ಇವತ್ತು ಬೆಳಗ್ಗೆ ಮಾಸ್ ಪಕ್ಕ ಒಂದು ಬೆಳ್ಳಗೆ ಬಿದ್ದಿದೆ, ಅಲುಗಾಡುತ್ತಿಲ್ಲ. ಉಳಿದವು ಹುಚ್ಚು ಹಿಡಿದ ಹಾಗೆ ಟ್ಯಾಂಕ್ ಪೂರ್ತಿ ಈಜುತ್ತಿವೆ. ಫೋಟೋ ಹಾಕಿದ್ದೇನೆ. ನೀರು ಬದಲಾಯಿಸಲಾ?

ಮಾಸ್ ಮನೆ (ಮೈಸೂರು)

ಸದ್ಯ ನೀರು ಮುಟ್ಟಬೇಡಿ. ಫೋಟೋ ದೊಡ್ಡದು ಮಾಡಿ ನೋಡಿ. ಬೆನ್ನಿನ ಮೇಲೆ, ತಲೆ ಮುಗಿಯುವ ಕಡೆ ಸೀಳಿದೆ, ಒಳಗೆ ಪೂರ್ತಿ ಖಾಲಿ. ಮೀಸೆ, ಕಣ್ಣಿನ ಮುಚ್ಚಳದ ಸಮೇತ ಕಳಚಿಟ್ಟ ಚಿಪ್ಪು ಅದು. ಸತ್ತ ಶ್ರಿಂಪ್ ಹೀಗೆ ಆರಪಾರ ಕಾಣುವುದಿಲ್ಲ, ಬೆಂದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚಿಪ್ಪು ಅಲ್ಲೇ ಇರಲಿ, ಕ್ಯಾಲ್ಸಿಯಂಗೆ ಅವೇ ತಿನ್ನುತ್ತವೆ.

ಈಜುತ್ತಿರುವುದು ಗಂಡುಗಳು. ಹೆಣ್ಣು ಚಿಪ್ಪು ಕಳಚಿದೊಡನೆ ನೀರಿಗೆ ವಾಸನೆ ಬಿಡುತ್ತದೆ, ಅವು ಅದನ್ನು ಹುಡುಕಿಕೊಂಡು ಓಡಾಡುತ್ತವೆ. ಹೆಣ್ಣು ಈಗ ಮೆತ್ತಗಿರುತ್ತದೆ, ಮಾಸ್ ಸಂದಿಯಲ್ಲೋ ಕಟ್ಟಿಗೆ ಕೆಳಗೋ ಅಡಗಿರುತ್ತದೆ. ಹುಡುಕಲು ಹೋಗಬೇಡಿ. ಒಂದೆರಡು ದಿನದಲ್ಲಿ ಹೊಟ್ಟೆಯ ಕೆಳಗೆ ಮೊಟ್ಟೆ ಕಂಡರೆ, ಅಲ್ಲಿಂದ ಸುಮಾರು ನಾಲ್ಕು ವಾರಕ್ಕೆ ಮರಿ. ಅಲ್ಲಿಯವರೆಗೆ ಒಮ್ಮೆಲೇ ಜಾಸ್ತಿ ನೀರು ಬದಲಾಯಿಸಿದರೆ ಅದು ಬೇಗ ಚಿಪ್ಪು ಕಳಚಿ, ಮೊಟ್ಟೆಯೂ ಚಿಪ್ಪಿನ ಜೊತೆ ಹೋಗುತ್ತದೆ. ವಾರಕ್ಕೊಂದು ಜಗ್ ಸಾಕು. ಅಣ್ಣ ಗಪ್ಪಿ ವಾಪಸ್ ಕೊಡಲು ಬಂದರೆ ತಗೋಬೇಡಿ, ಮರಿಗಳನ್ನು ತಿಂದುಬಿಡುತ್ತವೆ.