ಚಾರಣದಲ್ಲಿ ಗಡಿಕಲ್ಲು ಸಿಕ್ಕಿದೆ, ನೀವಾದರೆ ಏನು ಮಾಡುತ್ತಿದ್ದಿರಿ?

ಹೊಸ ಚಾರಣಿಗ: ತೀರ್ಥಹಳ್ಳಿ ಕಡೆಯ ಕಾಡುದಾರಿಯಲ್ಲಿ ಮೊಣಕಾಲೆತ್ತರದ ಕಲ್ಲು ಕಂಡೆ. ಮೇಲೆ ಸೂರ್ಯ, ಚಂದ್ರ; ಕೆಳಗೆ ಲಿಂಗ. ಬುಡದಲ್ಲಿ ಯಾರೋ ಅಗೆದ ಹೊಸ ಗುಂಡಿ. ಅನುಭವವಿದ್ದವರು ತಿಳಿಸಿ.

ಅಡಕೆತೋಟ: ನನಗೆ ಸಿಕ್ಕಿದ್ದು ವಾಮನಮುದ್ರೆಯ ಕಲ್ಲು, ಮೇಲೆ ಕೆತ್ತಿದ ವಾಮನನ ಕೈಯಲ್ಲಿ ಕೊಡೆ, ಕಮಂಡಲು. ಅರ್ಜಿ ಕೊಟ್ಟು ಏಳು ತಿಂಗಳು ಕಾದೆ, ಯಾರೂ ಬರಲಿಲ್ಲ. ಕೊನೆಗೆ ನಾನೇ ಎತ್ತಿಸಿದೆ. ಪಿಕಪ್‌ಗೆ 1,800, ಇಬ್ಬರು ಆಳುಗಳಿಗೆ 1,400, ಹಗ್ಗಕ್ಕೆ 240. ಗಾಡಿ ಕೆಸರಿನಲ್ಲಿ ಹೂತಾಗ ಜೆಸಿಬಿಯವನು 2,500 ಕಿತ್ತುಕೊಂಡ. ಈಗ ದೇವಸ್ಥಾನದ ಅಂಗಳದಲ್ಲಿ ಕಟ್ಟೆ ಕಟ್ಟಿಸಿ ನಿಲ್ಲಿಸಿದ್ದೇನೆ.

ನಿವೃತ್ತ ಮೇಷ್ಟ್ರು: ಕಟ್ಟೆ ಬೇರೆ! ಬ್ರಾಹ್ಮಣರಿಗೆ ದಾನ ಬಿಟ್ಟ ಭೂಮಿಯ ಗಡಿಗೆ ವಾಮನ, ಶಿವಾಲಯದ್ದಕ್ಕೆ ಲಿಂಗ, ಜೈನ ಬಸದಿಯದ್ದಕ್ಕೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ. ಆ ಭೂಮಿಯ ಅಂಚು ಎಲ್ಲಿತ್ತೆಂದು ಹೇಳುವುದು ಕಲ್ಲು ನಿಂತ ಜಾಗ ಮಾತ್ರ. ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 1904ರ ಎಂಟನೆಯ ಸಂಪುಟ ಹಿಡಿದು, ಶಾಸನವೊಂದು ಹೇಳುವ ಚತುಸ್ಸೀಮೆ, ಅಂದರೆ ನಾಲ್ಕು ದಿಕ್ಕಿನ ಗಡಿ, ಹುಡುಕುತ್ತ ಹನ್ನೊಂದು ಭಾನುವಾರ ಅಲೆದಿದ್ದೇನೆ. ಉಂಬಳ ಕಚ್ಚಿ ಕಾಲು ಬಾತಿತು, ಕಲ್ಲಿನ ಕೆತ್ತನೆಗೆ ಒತ್ತಿ ಪಡಿಯಚ್ಚು ತೆಗೆಯುವ ಕಾಗದ ಮೂರು ಸಲ ಮಳೆಗೆ ಕರಗಿತು. ಮೂಡಲ ಕಲ್ಲು, ತೆಂಕಲ ಕಲ್ಲು ಸಿಕ್ಕವು. ಪಡುವಲದ್ದನ್ನು ನಿಮ್ಮಂಥ ಪುಣ್ಯಾತ್ಮರೇ ಯಾರೋ ಎತ್ತಿದ್ದಾರೆ.

ಅಡಕೆತೋಟ: ನಿಮ್ಮ ಕಾಗದ ಒಣಗುವವರೆಗೆ ನಿಧಿಗಳ್ಳರು ಕಾಯುತ್ತಾರೆಯೇ?

ಘಟ್ಟದ ಅಂಚು: ಮೊದಲು ಅದು ಶಾಸನಕಾಲದ್ದೇ ಎಂದು ನೋಡಿಕೊಳ್ಳಿ. ಕುದುರೆಮುಖದ ಕಡೆ ಸಿಕ್ಕ ಕಲ್ಲನ್ನು ಹೊಯ್ಸಳರದ್ದೆಂದು ಊರಿಗೆಲ್ಲ ಸಾರಿದ್ದೆ. ಪಾಚಿ ಕೆರೆದರೆ ಅಂಕಿ! ಸರ್ವೆಯವರು ನೆಟ್ಟ ಬರಿಯ ಬಾಂದುಕಲ್ಲು. 1956ರವರೆಗೆ ಘಟ್ಟದ ಕೆಳಗೆ ಮದ್ರಾಸು, ಮೇಲೆ ಮೈಸೂರು, ಗಡಿಗೇನು ಬರವಿತ್ತೇ? ನೆಂಟರು ಇಂದಿಗೂ ನನ್ನನ್ನು ಹೊಯ್ಸಳ ಎಂದೇ ಕರೆಯುತ್ತಾರೆ.

ಹೊಸನಗರದ ಸೊಸೆ: ಪಾಚಿ ಕೆರೆದಿರಾ? ನಮ್ಮ ಮಾವನವರು ಚಿತ್ರ ಕಾಣಲೆಂದು ಸೀಮೆಸುಣ್ಣ ತಿಕ್ಕಿದರು, ಅತ್ತೆ ಅಮಾವಾಸ್ಯೆಗೊಮ್ಮೆ ಎಣ್ಣೆ ಸುರಿದರು. ಈಗ ಚಂದ್ರನೇ ಇಲ್ಲ. ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದರೆ ಗೆರೆಗಳು ತಾವಾಗಿ ಏಳುತ್ತವೆ. ಹೇಳಿದರೆ ಮನೆಯಲ್ಲಿ ಕೇಳುವವರಿಲ್ಲ.

ಘಟ್ಟದ ಅಂಚು: ಬೆರಳಿನಲ್ಲಿ ಕೆರೆದದ್ದು, ಉಳಿಯಲ್ಲಿ ಅಲ್ಲ. ಕತ್ತಲಾದ ಮೇಲೆ ಆ ಕಾಡಿನಲ್ಲಿ ನಿಲ್ಲಲು ನಿಮ್ಮ ಮಾವನವರನ್ನೇ ಕಳುಹಿಸಿ.

ಹೊಸ ಚಾರಣಿಗ: ಗುಂಡಿಯ ವಿಷಯ?

ನಿವೃತ್ತ ಮೇಷ್ಟ್ರು: ಸೂರ್ಯಚಂದ್ರರೆಂದರೆ ಅವರಿರುವವರೆಗೂ ದತ್ತಿ ಉಳಿಯಲಿ ಎಂದರ್ಥ, ನಿಧಿಯ ಕೊಪ್ಪರಿಗೆಯ ಗುರುತಲ್ಲ. ಅಗೆದವರಿಗೆ ಅದನ್ನು ಯಾರು ಹೇಳಬೇಕು? ಇರಲಿ. ಅಡಕೆತೋಟದವರೇ, ಎತ್ತುವ ಮುನ್ನ ನಿಮ್ಮ ಕಲ್ಲಿನ ಮುಖ ಯಾವ ದಿಕ್ಕಿಗಿತ್ತು? ಬರೆದಿಟ್ಟಿದ್ದೀರಾ?

ಅಡಕೆತೋಟ: ಜೆಸಿಬಿಯವನ ರಸೀದಿ ಇದೆ, ಬೇಕಾದರೆ ಕಳುಹಿಸುತ್ತೇನೆ.