ವಿಬಿ6ರಲ್ಲಿ ಫೈಲ್ ಕಾಪಿ ಕೈಕೊಟ್ಟರೆ ಏನು ಮಾಡುತ್ತೀರಿ? ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮೂರ ಹಾಲಿನ ಸೊಸೈಟಿಯ ಲೆಕ್ಕದ ಪ್ರೋಗ್ರಾಂ ಇನ್ನೂ ವಿಷುವಲ್ ಬೇಸಿಕ್ 6ರಲ್ಲೇ ಇದೆ. ಬರೆದವರು ಈಗ ಸಿಗುವುದಿಲ್ಲ, ಸೋರ್ಸ್ ಕೋಡ್ ನನ್ನ ಹತ್ತಿರ ಇದೆ. ಸಂಜೆ ಲೆಕ್ಕ ಮುಗಿದ ಮೇಲೆ ಲೆಕ್ಕವೆಲ್ಲ ಇರುವ ಆಕ್ಸೆಸ್ ಡೇಟಾಬೇಸ್‌ನ ಎಂಡಿಬಿ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಬೇಕು. ಅದಕ್ಕೆ ಫೈಲ್‌ಕಾಪಿ ಅಂತ ಒಂದೇ ಸಾಲು ಇದೆ. ಕೆಲವು ದಿನ ಸರಿಯಾಗಿ ಆಗುತ್ತದೆ. ಕೆಲವು ದಿನ ಎರರ್ ನಂಬರ್ 70, ‘ಪರ್ಮಿಷನ್ ಡಿನೈಡ್’ ಅಂತ ಬಂದು ಇಡೀ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಪರಿಚಯದವರೊಬ್ಬರು, ಮೇಲೆ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’ (ಎರರ್ ಬಂದರೂ ಮುಂದಿನ ಸಾಲಿಗೆ ಹೋಗು ಎಂಬ ಆಜ್ಞೆ) ಹಾಕಿಬಿಡಿ, ತೊಂದರೆ ಇರುವುದಿಲ್ಲ ಎಂದರು. ಹಾಕಲಾ? ನೀವೆಲ್ಲ ಹೇಗೆ ಮಾಡುತ್ತೀರಿ?

ಹುಬ್ಬಳ್ಳಿಯಿಂದ:

ದಯವಿಟ್ಟು ಹಾಕಬೇಡಿ ಸರ್. ರೆಸ್ಯೂಮ್ ನೆಕ್ಸ್ಟ್ ಎರರನ್ನು ಸರಿ ಮಾಡುವುದಿಲ್ಲ, ಯಾರ ಕಣ್ಣಿಗೂ ಬೀಳದ ಹಾಗೆ ಮಾಡುತ್ತದೆ ಅಷ್ಟೇ. ಕಾಪಿ ಆಗಿರುವುದಿಲ್ಲ, ಆದರೆ ಅದರ ಕೆಳಗಿನ ‘ಬ್ಯಾಕಪ್ ಆಯಿತು’ ಎಂಬ ಮೆಸೇಜ್ ಮಾತ್ರ ತಪ್ಪದೆ ಬರುತ್ತದೆ. ಸೆಕ್ರೆಟರಿ ಅದನ್ನು ನಂಬಿ ಮನೆಗೆ ಹೋಗುತ್ತಾರೆ. ಹಾರ್ಡ್‌ಡಿಸ್ಕ್ ಕೆಟ್ಟ ದಿನ ಪೆನ್‌ಡ್ರೈವ್ ಹಾಕಿ ನೋಡಿದರೆ ಯಾವುದೋ ತಿಂಗಳ ಹಳೇ ಫೈಲ್ ಇರುತ್ತದೆ. ಸರ್ವಿಸ್‌ಗೆ ಹೋದ ಕಡೆ ಇದನ್ನು ಕಣ್ಣಾರೆ ನೋಡಿದ್ದೇನೆ. ಹಾಲು ಹಾಕುವವರ ದುಡ್ಡಿನ ಲೆಕ್ಕ ಅದು, ಅಲ್ವಾ?

ಬದಲಿಗೆ ಬ್ಯಾಕಪ್ ಕೆಲಸಕ್ಕೆ ಬೇರೆ ಫಂಕ್ಷನ್ ಬರೆಯಿರಿ. ಶುರುವಿನಲ್ಲಿ ‘ಆನ್ ಎರರ್ ಗೋಟು’ ಕೊಟ್ಟು, ಎರರ್ ಬಂದರೆ ನೆಗೆಯಬೇಕಾದ ಜಾಗಕ್ಕೆ ಕೆಳಗೆ ಒಂದು ಲೇಬಲ್ ಇಡಿ. ಲೇಬಲ್‌ಗೆ ಮುಂಚೆ ‘ಎಕ್ಸಿಟ್ ಫಂಕ್ಷನ್’ ಇರಲೇಬೇಕು, ಇಲ್ಲದಿದ್ದರೆ ಕಾಪಿ ಸರಿಯಾಗಿ ಆದರೂ ಎರರ್ ಕೋಡ್ ಓಡುತ್ತದೆ. ಫಂಕ್ಷನ್ ‘ಟ್ರೂ’ ವಾಪಸ್ ಕೊಟ್ಟರೆ ಮಾತ್ರ ‘ಆಯಿತು’ ಎಂಬ ಮೆಸೇಜ್ ತೋರಿಸಿ.

ಲೇಬಲ್ ಒಳಗೆ ಮೊದಲ ಕೆಲಸ ಎರ್ ಎಂಬ ಆಬ್ಜೆಕ್ಟ್‌ನಲ್ಲಿರುವ ಎರರ್ ನಂಬರನ್ನೂ ಡಿಸ್ಕ್ರಿಪ್ಶನನ್ನೂ ನಿಮ್ಮದೇ ವೇರಿಯಬಲ್‌ಗಳಲ್ಲಿ ಇಟ್ಟುಕೊಳ್ಳುವುದು. ಇದನ್ನು ತುಂಬಾ ಜನ ಬಿಡುತ್ತಾರೆ. ಲಾಗ್ (ಏನಾಯಿತು ಎಂಬ ದಾಖಲೆ) ಬರೆಯುವ ಇನ್ನೊಂದು ಫಂಕ್ಷನ್ ಕರೆದಿರಿ ಅನ್ನಿ, ಅದರೊಳಗೂ ಆನ್ ಎರರ್ ಇದ್ದರೆ ಎರ್ ಖಾಲಿ ಆಗಿಬಿಡುತ್ತದೆ. ಆಮೇಲೆ ಲಾಗ್‌ನಲ್ಲಿ ಎರರ್ 0 ಅಂತ ಬಿದ್ದಿರುತ್ತದೆ, ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ.

ಆಮೇಲೆ ನಂಬರ್ ನೋಡಿ ‘ಸೆಲೆಕ್ಟ್ ಕೇಸ್’ನಲ್ಲಿ ಒಂದೊಂದಕ್ಕೂ ಬೇರೆ ದಾರಿ. 53 ಅಂದರೆ ಮೂಲ ಫೈಲೇ ಇಲ್ಲ. 61 ಅಂದರೆ ಪೆನ್‌ಡ್ರೈವ್ ತುಂಬಿದೆ. 68 (ಡಿವೈಸ್ ಸಿಗುತ್ತಿಲ್ಲ), 71 (ಡಿಸ್ಕ್ ಸಿದ್ಧವಿಲ್ಲ), 76 (ಪಾತ್ ಸಿಗುತ್ತಿಲ್ಲ) ಮೂರನ್ನೂ ನಾನು ಒಂದೇ ಕೇಸ್‌ನಲ್ಲಿ ಹಾಕಿ ‘ಪೆನ್‌ಡ್ರೈವ್ ಹಾಕಿದ್ದೀರಾ ನೋಡಿ’ ಎಂದು ಕೇಳುತ್ತೇನೆ, ಏಕೆಂದರೆ ಅಲ್ಲಿ ಕೂತವರು ಮಾಡಬೇಕಾದ್ದು ಅದೊಂದೇ. ಅವರು ಮತ್ತೆ ಪ್ರಯತ್ನಿಸಿ ಎಂದರೆ ‘ರೆಸ್ಯೂಮ್’, ಅದೇ ಸಾಲು ಮತ್ತೆ ಓಡುತ್ತದೆ. ಬೇಡ ಎಂದರೆ ಕೆಂಪು ಅಕ್ಷರದಲ್ಲಿ ‘ಇವತ್ತು ಬ್ಯಾಕಪ್ ಆಗಿಲ್ಲ’. ಮೆಸೇಜ್ ಕನ್ನಡದಲ್ಲಿರಲಿ, ನಂಬರ್ ಮಾತ್ರ ಲಾಗ್‌ಗೆ ಹೋಗಲಿ. ಯಾರನ್ನೂ ಕೇಳದೆ ತಾನೇ ರೆಸ್ಯೂಮ್ ಮಾಡುವ ಹಾಗಿದ್ದರೆ ಎಷ್ಟು ಸಲ ಎಂಬುದಕ್ಕೆ ಮಿತಿ ಇಡಿ. ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ಸುತ್ತುತ್ತಾ ಹ್ಯಾಂಗ್ ಆಗುತ್ತದೆ.

ಶಿವಮೊಗ್ಗದಿಂದ:

ಮೇಲಿನವರು ಹೇಳಿದ್ದು ಸರಿ. ನಿಮ್ಮ 70ರ ವಿಷಯಕ್ಕೆ ಬರುತ್ತೇನೆ ಸರ್. ಫೈಲ್‌ಕಾಪಿ ಸ್ಟೇಟ್‌ಮೆಂಟ್ ತೆರೆದಿರುವ ಫೈಲನ್ನು ಕಾಪಿ ಮಾಡುವುದಿಲ್ಲ. ನಿಮ್ಮ ಪ್ರೋಗ್ರಾಂ ತಾನೇ ಎಂಡಿಬಿಯನ್ನು ಹಿಡಿದುಕೊಂಡಿರಬಹುದು, ಅಥವಾ ಪಕ್ಕದ ಕಂಪ್ಯೂಟರ್‌ನಲ್ಲಿ ಯಾರೋ ಬಿಲ್ ಹಾಕುತ್ತಿರಬಹುದು. ‘ಕೆಲವು ದಿನ ಮಾತ್ರ’ ಎಂದಿದ್ದೀರಲ್ಲ, ಎರಡನೆಯದೇ ಇರಬೇಕು ಎಂದು ನನ್ನ ಅಂದಾಜು. ಕಾಪಿಗೆ ಮುಂಚೆ ಎಂಡಿಬಿಯನ್ನು ಹಿಡಿದಿರುವ ರೆಕಾರ್ಡ್‌ಸೆಟ್, ಕನೆಕ್ಷನ್ ಎಲ್ಲ ಕ್ಲೋಸ್ ಮಾಡಿ ಅವುಗಳ ವೇರಿಯಬಲ್‌ಗಳಿಗೆ ‘ನಥಿಂಗ್’ ಕೊಡಿ. ಆಮೇಲೂ 70 ಬಂದರೆ ಎಂಡಿಬಿ ಪಕ್ಕದಲ್ಲೇ ಅದೇ ಹೆಸರಿನ ಎಲ್‌ಡಿಬಿ ಫೈಲ್ (ಯಾರಾದರೂ ಎಂಡಿಬಿ ತೆರೆದಾಗ ಹುಟ್ಟುವ ಲಾಕ್ ಫೈಲ್) ಇದೆಯಾ ನೋಡಿ. ಆದರೆ ಎಲ್‌ಡಿಬಿ ಇದ್ದ ಮಾತ್ರಕ್ಕೆ ಒಳಗೆ ಯಾರೋ ಇದ್ದಾರೆ ಅಂತಲ್ಲ. ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದರೂ ಅದು ಉಳಿದುಕೊಳ್ಳುತ್ತದೆ. ಅಳಿಸಲು ಬಂದರೆ ಒಳಗೆ ಯಾರೂ ಇಲ್ಲ ಎಂದರ್ಥ.

ಫೈಲ್ ಕೆಲಸಕ್ಕಿರುವ ಇನ್ನೊಂದು ಸಾಧನವಾದ ಫೈಲ್‌ಸಿಸ್ಟಮ್‌ಆಬ್ಜೆಕ್ಟ್‌ನ ಕಾಪಿಫೈಲ್ ಬಳಸಿದರೆ 70 ಬರುವುದಿಲ್ಲ ಎಂದು ಯಾರಾದರೂ ಹೇಳಬಹುದು. ಎಷ್ಟೋ ಸಲ ಬರುವುದಿಲ್ಲ, ನಿಜ. ನಾನು ಅದನ್ನು ಒಪ್ಪುವುದಿಲ್ಲ. ಯಾರೋ ಬರೆಯುತ್ತಿರುವಾಗಲೇ ತೆಗೆದ ಕಾಪಿ ಅರ್ಧ ಹೊಸದು, ಅರ್ಧ ಹಳೆಯದು ಆಗಬಹುದು. ಅದನ್ನು ತೆರೆಯುವ ದಿನವೇ ಅದು ಗೊತ್ತಾಗುವುದು. ಇಲ್ಲಿ 70 ನಿಮ್ಮನ್ನು ಕಾಪಾಡುತ್ತಿದೆ. ಡಿಎಒ (ಆಕ್ಸೆಸ್ ಡೇಟಾಬೇಸ್ ಜೊತೆ ಕೆಲಸ ಮಾಡುವ ಲೈಬ್ರರಿ) ಇದ್ದರೆ ‘ಕಂಪ್ಯಾಕ್ಟ್‌ಡೇಟಾಬೇಸ್’ನಿಂದಲೇ ಬ್ಯಾಕಪ್ ತೆಗೆಯಬಹುದು, ಕಾಪಿಯೂ ಆಯಿತು, ಫೈಲೂ ಚಿಕ್ಕದಾಯಿತು. ಅದಕ್ಕೂ ಎಲ್ಲರೂ ಹೊರಗೆ ಬಂದಿರಬೇಕು.

ಮೈಸೂರಿನಿಂದ:

ಎರರ್ ಬಂದರೆ ಹೇಗೋ ಸಂಭಾಳಿಸಬಹುದು. ನನಗೆ ಜಾಸ್ತಿ ಭಯ ಎರರ್ ಬಾರದೆಯೇ ಕೆಲಸ ತಪ್ಪುವುದರ ಬಗ್ಗೆ. ವಿಬಿ6 ಬಂದಿದ್ದು 1998ರಲ್ಲಿ. ವಿಂಡೋಸ್ ವಿಸ್ಟಾ ಆಮೇಲೆ ಬಂತು, ಅಲ್ಲಿಂದ ಒಂದು ವಿಷಯ ಬದಲಾಯಿತು. ಹಳೇ ಪ್ರೋಗ್ರಾಂ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್‌ನೊಳಗೆ ಫೈಲ್ ಬರೆಯಲು ಹೋದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಆ ಯೂಸರ್‌ನ ‘ವರ್ಚುವಲ್‌ಸ್ಟೋರ್’ ಫೋಲ್ಡರ್‌ಗೆ ತಿರುಗಿಸುತ್ತದೆ. ಎರರ್ ಇಲ್ಲ, ಪ್ರೋಗ್ರಾಂಗೆ ಫೈಲ್ ಕಾಣುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿದರೆ ಇರುವುದಿಲ್ಲ, ಬೇರೆ ಲಾಗಿನ್‌ನಲ್ಲಿ ಬಂದವರಿಗೂ ಸಿಗುವುದಿಲ್ಲ. ಎಂಡಿಬಿ, ಬ್ಯಾಕಪ್ ಎರಡನ್ನೂ ಆ ಫೋಲ್ಡರ್‌ನಿಂದ ಹೊರಗಿಡಿ.

ಇನ್ನೊಂದು, ನಮ್ಮವರಿಗೇ ಬರುವ ತೊಂದರೆ. ಫೋಲ್ಡರ್‌ಗೆ ‘ಏಪ್ರಿಲ್ ಲೆಕ್ಕ’ ಅಂತ ಯೂನಿಕೋಡ್ ಕನ್ನಡದಲ್ಲಿ ಹೆಸರಿಟ್ಟರೆ ಫೈಲ್‌ಕಾಪಿ, ಫೈಲ್ ಹುಡುಕುವ ಡಿರ್ ಎರಡೂ ಸೋಲುತ್ತವೆ. ಅವು ಒಳಗೆ ಹೆಸರನ್ನು ಆನ್ಸಿಗೆ (ಯೂನಿಕೋಡ್‌ಗಿಂತ ಹಳೆಯ ಅಕ್ಷರ ಸಂಕೇತಕ್ಕೆ) ಬದಲಾಯಿಸುತ್ತವೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜ್ (ಅಕ್ಷರಗಳ ಪಟ್ಟಿ) ಇಲ್ಲವೇ ಇಲ್ಲ, ಹಾಗಾಗಿ ಪ್ರತಿ ಅಕ್ಷರವೂ ಪ್ರಶ್ನೆ ಚಿಹ್ನೆ ಆಗುತ್ತದೆ. ಫೈಲ್ ಕಣ್ಣೆದುರೇ ಇದ್ದರೂ ಪ್ರೋಗ್ರಾಂಗೆ ಸಿಗುವುದಿಲ್ಲ. ಅಲ್ಲಿ ಮಾತ್ರ ಫೈಲ್‌ಸಿಸ್ಟಮ್‌ಆಬ್ಜೆಕ್ಟ್ ಬೇಕು, ಅದು ಯೂನಿಕೋಡ್ ಹೆಸರನ್ನು ಹಾಗೇ ತೆಗೆದುಕೊಳ್ಳುತ್ತದೆ.

ಹಳೇ ಬ್ಯಾಕಪ್ ಮೇಲೆ ನೇರವಾಗಿ ಬರೆಯಲೂ ಬೇಡಿ. ಫೈಲ್‌ಕಾಪಿ ಕೇಳದೆಯೇ ಹಳೆಯದನ್ನು ಅಳಿಸಿ ಬರೆಯುತ್ತದೆ. ಮಧ್ಯದಲ್ಲಿ ಪೆನ್‌ಡ್ರೈವ್ ಕಿತ್ತರೆ ಹಳೆಯದೂ ಹೋಯಿತು, ಹೊಸದೂ ಇಲ್ಲ. ಮೊದಲು ತಾತ್ಕಾಲಿಕ ಹೆಸರಿಗೆ ಕಾಪಿ ಮಾಡಿ, ಎರಡರ ‘ಫೈಲ್‌ಲೆನ್’ (ಫೈಲಿನ ಗಾತ್ರ) ಒಂದೇ ಇದೆಯಾ ನೋಡಿ, ಆಮೇಲೆ ‘ನೇಮ್’ ಸ್ಟೇಟ್‌ಮೆಂಟ್‌ನಿಂದ ಹೆಸರು ಬದಲಿಸಿ. ಹೆಸರಿನಲ್ಲೇ ತಾರೀಕು ಸೇರಿಸಿದರೆ ಇನ್ನೂ ಒಳ್ಳೆಯದು, ಹಳೆಯದನ್ನು ಮುಟ್ಟುವ ಮಾತೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಿಲ್ ಹಾಕುವ ಕಂಪ್ಯೂಟರ್ ಆನ್ ಇದ್ದ ದಿನವೇ 70 ಬರುತ್ತಿತ್ತು, ಶಿವಮೊಗ್ಗದವರ ಅಂದಾಜು ಸರಿ. ಗೋಟು, ಲೇಬಲ್ ಎಲ್ಲ ಹಾಕಿದೆ. ಆದರೆ ಐಡಿಇಯಲ್ಲಿ (ಕೋಡ್ ಬರೆಯುವ ವಿಬಿ6 ಕಿಟಕಿಯಲ್ಲಿ) ಓಡಿಸಿದರೆ ಈಗಲೂ ಫೈಲ್‌ಕಾಪಿ ಸಾಲಿನಲ್ಲೇ ಎರರ್ ತೋರಿಸಿ ನಿಲ್ಲುತ್ತದೆ, ಲೇಬಲ್‌ಗೆ ಹೋಗುವುದೇ ಇಲ್ಲ.

ಹುಬ್ಬಳ್ಳಿಯಿಂದ:

ನಿಮ್ಮ ಕೋಡ್ ಸರಿಯಾಗೇ ಇದೆ. ಟೂಲ್ಸ್, ಆಪ್ಷನ್ಸ್, ಜನರಲ್ ಟ್ಯಾಬ್‌ಗೆ ಹೋಗಿ. ಎರರ್ ಟ್ರ್ಯಾಪಿಂಗ್ ಕೆಳಗೆ ‘ಬ್ರೇಕ್ ಆನ್ ಆಲ್ ಎರರ್ಸ್’ ಆಯ್ಕೆ ಆಗಿರುತ್ತದೆ. ಅದನ್ನು ‘ಬ್ರೇಕ್ ಆನ್ ಅನ್‌ಹ್ಯಾಂಡಲ್ಡ್ ಎರರ್ಸ್’ಗೆ ಬದಲಿಸಿ. ಇಎಕ್ಸ್‌ಇ ಮಾಡಿದ ಮೇಲೆ ಈ ಸೆಟ್ಟಿಂಗ್ ಲೆಕ್ಕಕ್ಕಿಲ್ಲ. ಸೊಸೈಟಿಗೆ ಕೊಡುವ ಮುಂಚೆ ಎಂಡಿಬಿಯನ್ನು ಆಕ್ಸೆಸ್‌ನಲ್ಲಿ ಬೇಕೆಂದೇ ತೆರೆದಿಟ್ಟು ಒಮ್ಮೆ ಬ್ಯಾಕಪ್ ಒತ್ತಿ ನೋಡಿ, ಪೆನ್‌ಡ್ರೈವ್ ಇಲ್ಲದೆ ಒಮ್ಮೆ, ತುಂಬಿದ ಪೆನ್‌ಡ್ರೈವ್ ಹಾಕಿ ಒಮ್ಮೆ. ಯಾವ ನಂಬರ್ ಬಂತು ಅಂತ ಇಲ್ಲೇ ಬರೆಯಿರಿ.