ಪದಚರ್ಚೆ: ವರ್ಷವಾದರೂ ಕೆಡದ ಊಟಕ್ಕೆ ಏನನ್ನೋಣ?

ನಮಸ್ಕಾರ.

ಸೈನಿಕರ ಊಟದ ಬಗ್ಗೆ ಹೈಸ್ಕೂಲು ಮಕ್ಕಳಿಗೆಂದು ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ಮೈಸೂರಿನಲ್ಲಿ ಕೂತವನಿಗೆ ಮಾಹಿತಿಗೇನೂ ಬರವಿಲ್ಲ. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಇದೆ. 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಎಂಬ ಹೆಸರಿನಲ್ಲಿ ಶುರುವಾದ, ನಮ್ಮ ಬಾಯಲ್ಲಿ ಡಿಎಫ್‌ಆರ್‌ಎಲ್ ಆಗಿರುವ ಸಂಸ್ಥೆ ಸಿದ್ಧಾರ್ಥನಗರದಲ್ಲಿದೆ. ತೊಡಕಿರುವುದು ಪದದಲ್ಲಿ: ಬೇಯಿಸಿ ಪೊಟ್ಟಣದಲ್ಲಿ ಮುಚ್ಚಿದ, ವರ್ಷವಾದರೂ ಕೆಡದ ಸೈನಿಕರ ಊಟಕ್ಕೆ ಕನ್ನಡದಲ್ಲಿ ಏನನ್ನಬೇಕು?

ಮೊದಲು ‘ಡಬ್ಬಿ ಊಟ’ ಎಂದು ಬರೆದು ಹೊಡೆದುಹಾಕಿದೆ. ಇಲ್ಲಿ ಡಬ್ಬಿ ಊಟ ಅಂದರೆ ಬೆಳಿಗ್ಗೆ ಮನೆಯಲ್ಲಿ ಮಾಡಿ ಮಧ್ಯಾಹ್ನ ಆಫೀಸಿನಲ್ಲಿ ತಿನ್ನುವುದು, ನನಗೆ ಬೇಕಾದ ಅರ್ಥಕ್ಕೆ ಪೂರ್ತಿ ಉಲ್ಟಾ. ಪಾತ್ರೆಯ ಹೆಸರು ಹಿಡಿದು ಹೋದರೆ ಇನ್ನೊಂದು ಪೇಚೂ ಇದೆ. ಊಟ ಕೆಡದಂತೆ ಹೀಗೆ ಮುಚ್ಚಿಡುವುದನ್ನು ಮೊದಲು ಸಾಧಿಸಿ 1810ರಲ್ಲಿ ಫ್ರೆಂಚ್ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ ನಿಕೊಲಾ ಅಪೇರ್ ಬಳಸಿದ್ದು ಗಾಜಿನ ಬಾಟಲಿ. ತಗಡಿನ ಡಬ್ಬಿ ಇಂಗ್ಲೆಂಡಿನಲ್ಲಿ ಆಮೇಲೆ ಬಂತು. ಅದನ್ನು ತೆರೆಯಲು ಉಳಿ, ಸುತ್ತಿಗೆ ಬೇಕಿತ್ತು, ಓಪನರ್ ಹುಟ್ಟಿದ್ದು ದಶಕಗಳ ನಂತರ! ಈಗಂತೂ ಅದು ಅಲ್ಯೂಮಿನಿಯಂ ಹಾಳೆಯ ಪದರವಿರುವ ಮೆತ್ತನೆಯ ಪೊಟ್ಟಣ. ಡಬ್ಬಿ ಎಲ್ಲಿ ಬಂತು?

ಹಾಗಾದರೆ ‘ತಂಗಳು’? ಒಪ್ಪಲಾರೆ. ತಂಗಳು ಬೇರೆ, ಹಳಸಿದ್ದು ಬೇರೆ ಎನ್ನುವುದು ಮಂಡ್ಯದ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ತಂಗಳಿಟ್ಟನ್ನು ಮಜ್ಜಿಗೆಗೆ ಕಿವುಚಿ ಕುಡಿದು ಹೊಲಕ್ಕೆ ಹೋಗುತ್ತಾರೆ, ಹಳಸಿದ್ದನ್ನು ಚೆಲ್ಲುತ್ತಾರೆ. ಆದರೆ ತಂಗಳಿನ ಆಯಸ್ಸು ಒಂದು ರಾತ್ರಿ. ಇಲ್ಲೊಂದು ಉಪಪ್ರಶ್ನೆ: ‘ತಂಗಳು’ ಬಂದದ್ದು ‘ತಂಗು’ ಧಾತುವಿನಿಂದಲೋ, ತಂಗಾಳಿಯಲ್ಲಿರುವ ‘ತಣ್’ನಿಂದಲೋ? ನನ್ನ ಒಲವು ಎರಡನೆಯದರ ಕಡೆ. ಬಳಕೆಯಲ್ಲಿ ತಂಗಳಿಗೆ ಎದುರಾಗಿ ನಿಲ್ಲುವುದು ‘ಬಿಸಿ’. ‘ತಂಗಳು ಬೇಡ, ಬಿಸೀದು ಹಾಕು’ ಎನ್ನುತ್ತೇವೆ, ‘ತಾಜಾ ಹಾಕು’ ಎನ್ನುವುದಿಲ್ಲ.

‘ತಾಜಾ’ ಜಾಹೀರಾತಿನವರ ಮಾತು, ಎಲ್ಲಕ್ಕೂ ಅಂಟಿಸುತ್ತಾರೆ. ಮೀನಾದರೆ ಹಸಿಮೀನು, ಒಣಮೀನು. ಅನ್ನವಾದರೆ ಬಿಸಿ. ಹಾಲಾದರೆ ಆಗ ಕರೆದದ್ದು. ಅಕ್ಕಿಗೆ ಬಂದರೆ ಲೆಕ್ಕವೇ ತಿರುಗುತ್ತದೆ: ಅಲ್ಲಿ ಹಳೆಯದಕ್ಕೇ ಬೆಲೆ. ಸೈನ್ಯದಲ್ಲಿದ್ದು ಬಂದವರು ‘ಫ್ರೆಶ್’ ಎಂಬುದನ್ನು ನಾಮಪದದಂತೆ ಬಳಸುವುದನ್ನು ಕೇಳಿದ್ದೇನೆ, ‘ಇವತ್ತು ಫ್ರೆಶ್ ಬಂತು’ ಅಂದರೆ ತರಕಾರಿ, ಮಾಂಸ ಬಂತು ಎಂದು.

ನಮ್ಮಲ್ಲಿ ಕಾಪಿಟ್ಟ ತಿನಿಸುಗಳಿಗೆಲ್ಲ ಮಾಡುವ ಬಗೆಯಿಂದಲೇ ಹೆಸರು: ಉಪ್ಪಿನಕಾಯಿ, ಉಪ್ಪುಕಂಡ, ಒಣಮೀನು. ಆ ದಾರಿ ಹಿಡಿದರೆ ಈ ಪೊಟ್ಟಣದ ಊಟ ಮಾಡುವ ಕ್ರಮ ಏನೆಂದು ನೋಡಬೇಕು. ಬುತ್ತಿಯಾದರೆ ಮೊದಲು ಬೇಯಿಸಿ, ಆಮೇಲೆ ಕಟ್ಟುತ್ತೇವೆ. ಕಟ್ಟುವಾಗ ಕೈಯಿಂದ, ಗಾಳಿಯಿಂದ ಸೂಕ್ಷ್ಮಜೀವಿ ಸೇರಿಬಿಡುತ್ತದೆ. ಇಲ್ಲಿ ಪೊಟ್ಟಣದ ಬಾಯಿ ಬಿಗಿದ ಮೇಲೆ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಕುದಿಯುವ ನೀರಿಗೆ ಜಗ್ಗದ ಬೊಟುಲಿನಮ್ ಎಂಬ ವಿಷಕಾರಿ ಬ್ಯಾಕ್ಟೀರಿಯಾದ ಬೀಜಾಣುಗಳೂ ಅದಕ್ಕೆ ಸಾಯುತ್ತವೆ, ಹೊಸದು ಒಳಗೆ ಬರಲು ದಾರಿಯಿಲ್ಲ. ಅದಕ್ಕೇ ಫ್ರಿಜ್ಜು ಬೇಕಿಲ್ಲ. ರುಚಿ? ಬಿಸಿ ಮಾಡಿದ ಪೊಟ್ಟಣದ ಪಲಾವು ತಿನ್ನಬಹುದು, ಆದರೆ ಕಾಳು ಮೆತ್ತಗಾಗಿ, ಒಗ್ಗರಣೆಯ ಘಮ ಸತ್ತಿರುತ್ತದೆ. ಗಡಿಯಲ್ಲಿ ಹಸಿದವನಿಗೆ ಅದು ದೊಡ್ಡ ಮಾತಲ್ಲ ಬಿಡಿ.

ಸದ್ಯಕ್ಕೆ ‘ಬಾಳಿಕೆ ಬುತ್ತಿ’ ಎಂದಿಟ್ಟುಕೊಂಡಿದ್ದೇನೆ. ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ’ ಎಂಬ ಗಾದೆಗೆ ಇದು ವಿರುದ್ಧ ಎಂದು ಗೆಳೆಯರೊಬ್ಬರು ತಕರಾರು ತೆಗೆದರು. ವಿರುದ್ಧವಾಗಿರುವುದೇ ನನಗೆ ಹಿಡಿಸಿತು. ‘ಸಂರಕ್ಷಿತ ಆಹಾರ’ ಸರ್ಕಾರಿ ಕಾಗದಕ್ಕೆ ಸರಿ, ಹಸಿವೆಯಾದವನು ಅದನ್ನು ಕೇಳಲಾರ. ಇನ್ನು ಸೈನಿಕನಿಗೆ ದಿನಕ್ಕಿಷ್ಟೆಂದು ಕೊಡುವ ಆಹಾರಕ್ಕೆ ‘ಪಡಿತರ’ ಎಂದರೆ ಮಕ್ಕಳ ಕಣ್ಣಿಗೆ ನ್ಯಾಯಬೆಲೆ ಅಂಗಡಿಯ ಸಾಲು ಬರುತ್ತದೆ, ಹಾಗಾಗಿ ‘ರೇಷನ್’ ಎಂದೇ ಬಿಟ್ಟಿದ್ದೇನೆ.

ಬಲ್ಲವರಲ್ಲಿ ಕೇಳುವುದಿಷ್ಟು. ಮಂಡ್ಯ, ಮೈಸೂರು, ಕೊಡಗಿನ ಮಾಜಿ ಸೈನಿಕರ ಮನೆಗಳಲ್ಲಿ ಈ ಪೊಟ್ಟಣದ ಊಟಕ್ಕೆ ಬೇರೆ ಹೆಸರಿದೆಯೆ? ‘ತಂಗಳು’ ಪದದ ಹಳಗನ್ನಡ ರೂಪಕ್ಕೆ ಪ್ರಯೋಗ ಸಿಕ್ಕರೆ ವಾಕ್ಯಸಮೇತ ಕಳಿಸಿ. ‘ಬಾಳಿಕೆ ಬುತ್ತಿ’ ಕಿವಿಗೆ ಒಗ್ಗದಿದ್ದರೆ ಅದನ್ನೂ ಮುಲಾಜಿಲ್ಲದೆ ತಿಳಿಸಿ.